ಒಂದೂ ನಲವತ್ತರ ಗಾಡಿ

ಹಾಜರಿ ಪುಸ್ತಕ ಶಾಲೆಯ ಕಪಾಟಿನಲ್ಲಿ, ಬೀಗದೊಳಗೆ ಉಂಟು.
ನನ್ನ ಕೈಯಲ್ಲೀಗ ಇನ್ನೊಂದು ಪುಸ್ತಕ:
ಹತ್ತನೇ ಬಿ, ಮೂವತ್ತೊಂದು ಹೆಸರು,
ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ
ಕೊನೆಗೆ ಕಂಡದ್ದು ಎಷ್ಟು ಗಂಟೆಗೆ ಎಂದು.

ಮುನವ್ವಿರ್, ಎರಡೂ ಐವತ್ತು.
ರೋಶನ್ ಕ್ರಾಸ್ತಾ, ಮೂರೂ ಹತ್ತು.
ಮೊದಲ ಪೀರಿಯಡಿಗೇ ತೂಕಡಿಸುತ್ತಿದ್ದ ಸೌಪರ್ಣಿಕಾ
ನಾಲ್ಕು ಗಂಟೆಗೂ ಆನ್‌ಲೈನ್.
ಇವರನ್ನು ಎಬ್ಬಿಸಲು ಚಾಕ್‌ಪೀಸು ಎಸೆದವಳು ನಾನು.
ಮಲಗಿಸುವುದು ಹೇಗೆಂದು ಬಿ.ಎಡ್.ನಲ್ಲಿ ಕಲಿಸಿರಲಿಲ್ಲ.

ನಿಶ್ಮಿತಾ ಬರೆಯುತ್ತಿದ್ದಾಳೆ ಎನ್ನುತ್ತದೆ ಫೋನು.
ಆಮೇಲೆ ಎನ್ನುವುದಿಲ್ಲ. ಪುನಃ ಎನ್ನುತ್ತದೆ.
ಬಾಗಿಲವರೆಗೆ ಬಂದು
ಒಳಗೆ ಬರಲಾ ಎಂದು ಕೇಳದೆ ನಿಂತ ಹಾಗೆ.
ಕೊನೆಗೆ:
ಟೀಚರ್, ಉಳಿದ ಮೂರು ಪರೀಕ್ಷೆ ಉಂಟಾ, ಇಲ್ವಾ?

ಮೊನ್ನೆಯೂ ಕೇಳಿದ್ದಳು, ಇದೇ ಹೊತ್ತಿಗೆ.
ಗೊತ್ತಿಲ್ಲ ಮಗಾ ಎಂದಿದ್ದೆ.
ಮಾರ್ಚಿನಲ್ಲಿ ಓದಿದ್ದು ಮೇ ತಿಂಗಳವರೆಗೆ
ತಲೆಯಲ್ಲಿ ಹಿಡಿದುಕೊಳ್ಳಬೇಕು, ಚೆಲ್ಲದ ಹಾಗೆ.
ಮಲಗಿದರೆ ಚೆಲ್ಲುತ್ತದೆ ಎಂದು ಅವಳ ಹೆದರಿಕೆ.

ಅವಳ ಮನೆ ಉಪ್ಪಳದಲ್ಲಿ, ಹಳಿಯ ಪಕ್ಕ.
ಬೀಡಿಯ ಬ್ರಾಂಚು ಮುಚ್ಚಿ ಅಮ್ಮನ ಮೊರ ಖಾಲಿ.
ಅಪ್ಪ ಮಂಗಳೂರಿನ ಧಕ್ಕೆಯಲ್ಲಿ,
ತಲಪಾಡಿಯ ರಸ್ತೆಗೆ ಸುರಿದ ಮಣ್ಣಿನ ಆಚೆ.
ಬಸ್ಸಿಗೆ ಒಂದು ಗಂಟೆಯ ದಾರಿ. ಬಸ್ಸು ಇದ್ದಾಗಿನ ಮಾತು.

ಹುಟ್ಟಿದಂದಿನಿಂದ ಒಂದೂ ನಲವತ್ತರ ಗಾಡಿ
ಅವಳ ನಿದ್ದೆಯ ಮೇಲಿಂದಲೇ ಹೋಗಿದೆ.
ಸ್ಟೀಲಿನ ಲೋಟ ಕುಣಿಯುತ್ತಿತ್ತು, ಹೆಂಚು ನಡುಗುತ್ತಿತ್ತು,
ಕ್ಯಾಲೆಂಡರು ಮೊಳೆಯಲ್ಲಿ ತೂಗುತ್ತಿತ್ತು,
ಅವಳು ಮಗ್ಗುಲು ಬದಲಿಸುತ್ತಿರಲಿಲ್ಲ.
ಈಗ ಗಾಡಿ ಇಲ್ಲ.
ಸರಿಯಾಗಿ ಒಂದೂ ನಲವತ್ತಕ್ಕೆ
ಬಾರದ ಗಾಡಿ ಅವಳನ್ನು ಎಬ್ಬಿಸುತ್ತದೆ.

ಎಂತದೋ ಆಗ್ಲಿಕ್ಕುಂಟು ಅಂತ ಆಗ್ತದೆ ಟೀಚರ್.
ಎಂತ ಅಂತ ಗೊತ್ತಿಲ್ಲ.
ಅಮ್ಮ ಕೆಮ್ಮಿದ್ರೆ ಎಣಿಸ್ತೇನೆ.
ಕೆಮ್ಮದಿದ್ರೆ
ಮೂಗಿನ ಹತ್ರ ಕೈ ಹಿಡಿದು ನೋಡ್ತೇನೆ.

ಬಿಸಿ ಹಾಲು ಕುಡಿ, ಫೋನು ದೂರ ಇಡು, ಒಳ್ಳೆಯದನ್ನು ಯೋಚಿಸು
ಎಂದು ಬರೆದೆ. ನಾನೂ ಅಳಿಸಿದೆ.
ಹಾಲು ಉಂಟಾ ಎಂದು ಮೊದಲು ಕೇಳಬೇಕಿತ್ತು.
ಫೋನು ದೂರ ಇಟ್ಟರೆ ಅಪ್ಪ ಇನ್ನೂ ದೂರ.
ಮತ್ತೆ, ನನ್ನ ಹೆಸರಿನ ಕೆಳಗೂ ಗಂಟೆ ಕಾಣುತ್ತದಲ್ಲ,
ದಿನಾ ನೋಡುತ್ತಿರಬೇಕು ಅವಳು.

ಹಾಗಾಗಿ ಎಂತದೂ ಕಲಿಸಲಿಲ್ಲ. ಕೇಳಿದೆ:
ಆ ಗಾಡಿಗೆ ಎಷ್ಟು ಡಬ್ಬಿ ಇತ್ತು?
ಗೊತ್ತಿಲ್ಲ ಟೀಚರ್. ನಿದ್ದೆಯಲ್ಲಿ ಇರ್ತಿದ್ದೆ.
ಜೊತೆಗೆ ಒಂದು ನಗು, ಹಳದಿ ಮುಖದ್ದು,
ಎಷ್ಟೋ ದಿನಕ್ಕೆ.

ಇವತ್ತು ಬೆಳಿಗ್ಗೆ ಏಳಕ್ಕೆ ಅವಳ ಧ್ವನಿ ಬಂದಿದೆ.
ಮೂರು ಗಂಟೆ ಐವತ್ತೆರಡು ನಿಮಿಷ ಉದ್ದ.
ಕೈತಪ್ಪಿ ಒತ್ತಿಹೋಯಿತೋ ಎಂದು ತೆರೆದರೆ
ಗೂಡ್ಸ್ ಗಾಡಿ. ಅಕ್ಕಿಯೋ, ಸಿಮೆಂಟೋ,
ಹೊತ್ತಲ್ಲದ ಹೊತ್ತಿಗೆ ಬಡಗು ದಿಕ್ಕಿಗೆ.
ಕತ್ತಲಲ್ಲಿ ಸದ್ದು ಹಿಡಿದು ಎಣಿಸುತ್ತಿದ್ದಾಳೆ:
ಹನ್ನೊಂದು, ಹನ್ನೆರಡು.
ಇಪ್ಪತ್ತು ದಾಟಿದ ಮೇಲೆ ಸ್ವರ ದಪ್ಪ.
ಇಪ್ಪತ್ತೇಳು ಎರಡು ಸಲ ಬರುತ್ತದೆ.
ಮೂವತ್ತ
ಆಮೇಲೆ ಗಾಲಿ ಮಾತ್ರ.

ಗಾಲಿಯೂ ದೂರವಾಗಿ,
ಉಸಿರು.
ಎಲ್ಲೋ ನಾಯಿ. ಅಮ್ಮನದೊಂದು ಕೆಮ್ಮು,
ಎಣಿಸಿದವರಿಲ್ಲ.
ಪುನಃ ಉಸಿರು.

ಪರೀಕ್ಷೆಯ ತಾರೀಕು ಬಂದಿದೆ, ಸುತ್ತೋಲೆ ನನ್ನಲ್ಲಿ ಉಂಟು.
ಗುಂಪಿಗೆ ಹಾಕಬೇಕು.
ಹಾಕುತ್ತೇನೆ.
ಇವಳ ಸಂದೇಶದಲ್ಲಿ ಇನ್ನೂ ಎರಡು ಗಂಟೆ ಬಾಕಿ ಉಂಟು.